ಕೊಸರು: ಅಳತೆ ಮುಗಿದ ಮೇಲೆ ಬೀಳುವ ಹಿಡಿ

(ಬೆಂಗಳೂರಿನ ಬಸವನಗುಡಿಯಲ್ಲಿ ಮಾಡಿದ ಉಪನ್ಯಾಸದ ಟಿಪ್ಪಣಿಗಳನ್ನು ಆಧರಿಸಿ ಸಿದ್ಧಪಡಿಸಿದ ಬರಹ)

ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿಗೆ ಹತ್ತಿರದಲ್ಲೇ ಇರುವ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನಡೆಯುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಆ ನೂಕುನುಗ್ಗಲಿನಲ್ಲಿ ನಡೆದವರೇ ಆಗಿರುತ್ತೀರಿ. ರಾಶಿಯ ಹಿಂದೆ ಕುಳಿತ ತಾಯಿ ಸೇರಿನ ಪಾತ್ರೆಯನ್ನು ಕಡಲೆಕಾಯಿಯೊಳಗೆ ತೂರಿಸಿ ಎತ್ತುತ್ತಾರೆ, ಮೇಲೆ ನಿಂತ ಕಾಯಿಗಳು ಜಾರದಂತೆ ಎಡಗೈಯನ್ನು ಅಡ್ಡ ಹಿಡಿಯುತ್ತಾರೆ, ನಿಮ್ಮ ಚೀಲಕ್ಕೆ ಸುರಿಯುತ್ತಾರೆ. ಎರಡು ಸೇರು ಕೇಳಿದ್ದರೆ ಎರಡು ಸಲ. ನೀವು ಹಣ ಕೊಡುತ್ತೀರಿ, ಅವರು ಸೊಂಟದ ಚೀಲಕ್ಕೆ ಸೇರಿಸುತ್ತಾರೆ. ಲೆಕ್ಕದ ಪ್ರಕಾರ ಅಲ್ಲಿಗೆ ವ್ಯಾಪಾರ ಮುಗಿಯಿತು. ಆದರೆ ನೀವು ಚೀಲದ ಬಾಯಿ ಮುಚ್ಚುವುದಿಲ್ಲ, ಅವರೂ ಮುಂದಿನ ಗಿರಾಕಿಯ ಕಡೆ ತಿರುಗುವುದಿಲ್ಲ. ಒಂದು ಕ್ಷಣ ಇಬ್ಬರೂ ಸುಮ್ಮನಿರುತ್ತೀರಿ. ಆಮೇಲೆ ಅವರು ಪಾತ್ರೆಯನ್ನು ಬದಿಗಿಟ್ಟು, ಬರಿಗೈಯಲ್ಲಿ ಒಂದು ಹಿಡಿ ಎತ್ತಿ ಚೀಲಕ್ಕೆ ಹಾಕುತ್ತಾರೆ. ಹಾಕದಿದ್ದರೆ ನೀವೇ ಕೇಳುತ್ತೀರಿ: "ಕೊಸರು ಹಾಕಮ್ಮ."

ಇವತ್ತಿನ ನನ್ನ ವಿಷಯ ಆ ಒಂದು ಹಿಡಿ ಮತ್ತು ಅದಕ್ಕಿರುವ ಹೆಸರು. ಆ ಹಿಡಿ ಯಾವಾಗ ಬಿತ್ತು, ಯಾವುದರಿಂದ ಬಿತ್ತು ಎಂಬುದನ್ನು ಗಮನಿಸಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಬೆಲೆ ನಿಗದಿಯಾದ ಮೇಲೆ, ಅಳತೆ ಮುಗಿದ ಮೇಲೆ, ಸಾಮಾನ್ಯವಾಗಿ ಹಣವೂ ಕೈ ಬದಲಾಯಿಸಿದ ಮೇಲೆ ಬಿತ್ತು. ಅಳತೆಯ ಪಾತ್ರೆಯಿಂದಲ್ಲ, ಕೈಯಿಂದ ಬಿತ್ತು. ನನ್ನ ಉಳಿದ ಮಾತೆಲ್ಲ ಈ ಎರಡು ಸಂಗತಿಗಳ ಸುತ್ತಲೇ ಇರುತ್ತದೆ.

ಮೊದಲು ಪದವನ್ನು ನೋಡೋಣ. ಕೊಸರು ಎಂದರೆ ಕೊಂಡ ಪದಾರ್ಥದ ಮೇಲೆ ಮಾರುವವರು ಬೆಲೆಯಿಲ್ಲದೆ ಕೊಡುವ ಸ್ವಲ್ಪ ಹೆಚ್ಚುವರಿ. ಕೊಸರು ಹಾಕುತ್ತೇವೆ, ಕೊಸರು ಕೊಡುತ್ತೇವೆ, ಕೊಸರು ಕೇಳುತ್ತೇವೆ; ಆದರೆ ಕೊಸರನ್ನು ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ಈ ಪದದೊಂದಿಗೆ ಹೊಂದುವ ಕ್ರಿಯಾಪದಗಳ ಪಟ್ಟಿಯೇ ಅದರ ಸ್ವಭಾವವನ್ನು ಅರ್ಧ ಹೇಳಿಬಿಡುತ್ತದೆ. ಇದೇ ರೂಪದ ಒಂದು ಕ್ರಿಯಾಪದವೂ ನಮ್ಮಲ್ಲಿದೆ. ಹಿಡಿದ ಕೈಯಿಂದ ಮಗು ಕೊಸರಿಕೊಂಡು ಓಡುತ್ತದೆ, ಕಟ್ಟಿದ ಕರು ಕೊಸರಾಡುತ್ತದೆ. ಇವೆರಡೂ ಒಂದೇ ಬೇರಿನವು ಎಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ಹತ್ತು ರೂಪಾಯಿಯ ಸೊಪ್ಪು ಕೊಂಡು ಕೊಸರಿಗಾಗಿ ಅರ್ಧ ಗಂಟೆ ಜಗ್ಗಾಡಿದವರನ್ನು ನೋಡಿದಾಗ, ಆ ಎರಡು ಪದಗಳಿಗೆ ನಂಟಸ್ತನ ಕಲ್ಪಿಸಬೇಕೆಂಬ ಆಸೆ ನನಗೂ ಆಗಿದೆ.

ಈ ಪದ ನಮ್ಮೊಬ್ಬರದೇ ಅಲ್ಲ. ತೆಲುಗಿನಲ್ಲಿ ಅದು ಕೊಸರು ಎಂದೇ ಇದೆ. ತಮಿಳಿನಲ್ಲಿ ಕೊಸುರು ಎನ್ನುತ್ತಾರೆ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಸಾಲಿನಲ್ಲಿ ಕೂತು ವ್ಯಾಪಾರ ಮಾಡುತ್ತವೆ. ಅಲ್ಲಿ ಬೆಲೆ ಕೇಳಲು ಭಾಷೆ ಬದಲಾಯಿಸಬೇಕಾಗಬಹುದು, ಕೊಸರು ಕೇಳಲು ಬಹುಪಾಲು ಅಂಗಡಿಗಳಲ್ಲಿ ಬೇಕಾಗುವುದಿಲ್ಲ. ಮೂರು ಭಾಷೆಗಳೂ ಈ ಪದವನ್ನು ಅಂಗಡಿಯಿಂದಾಚೆಗೆ ಒಯ್ದಿರುವ ರೀತಿ ಮಾತ್ರ ಬೇರೆ ಬೇರೆ. ತಮಿಳು ಪತ್ರಿಕೆಗಳು ಮುಖ್ಯ ಸುದ್ದಿಯ ಜೊತೆಗೆ ಕೊಡುವ ತುಣುಕು ಸುದ್ದಿಗಳನ್ನು ಕೊಸುರು ಎಂದು ಕರೆಯುವುದುಂಟು. ತೆಲುಗರು ಅದನ್ನು ಊಟದ ಎಲೆಗೆ ತಂದರು: ಸಾಕು ಸಾಕು ಎಂದು ಅತಿಥಿ ಕೈ ಅಡ್ಡ ಹಿಡಿದರೂ ಇನ್ನಷ್ಟು, ಇನ್ನಷ್ಟು ಎಂದು ಒತ್ತಾಯದಿಂದ ಬಡಿಸುವುದನ್ನು ಅವರು "ಕೊಸರಿ ಕೊಸರಿ ವಡ್ಡಿಂಚು" ಎನ್ನುತ್ತಾರೆ. ನನಗೆ ಈ ಪ್ರಯೋಗ ಬಹಳ ಇಷ್ಟ. ಅಂಗಡಿಯಲ್ಲಿ ಕೊಳ್ಳುವವರು ಕೇಳುವುದು, ಮನೆಯಲ್ಲಿ ಕೊಡುವವರೇ ಮೇಲೆ ಬಿದ್ದು ಕೊಡುವುದು. ದಿಕ್ಕು ತಿರುಗಿದರೂ ಪದ ಅದೇ. ಅಸಲಿಗಿಂತ ಕೊಸರೇ ಹೆಚ್ಚಾಯಿತು ಎಂಬ ಗಾದೆಯೂ ಅವರಲ್ಲಿದೆ. ನನ್ನ ಉಪನ್ಯಾಸಗಳಲ್ಲಿ ವಿಷಯಕ್ಕಿಂತ ವಿಷಯಾಂತರವೇ ಹೆಚ್ಚು ಎಂದು ಗೆಳೆಯರು ಹೇಳುವಾಗ ಆ ಗಾದೆ ನೆನಪಾಗುತ್ತದೆ.

ಆದ್ದರಿಂದ ಒಂದು ವಿಷಯಾಂತರ. ನಾನು ಬೆಳೆದದ್ದು ದಿನಸಿ ಅಂಗಡಿಯ ಮನೆಯಲ್ಲಿ. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಎಂಟಡಿ ಅಗಲದ ಅಂಗಡಿ ನಮ್ಮದು. ಬೆಳಿಗ್ಗೆ ಬೋಣಿ ಆಗುವವರೆಗೂ ನಮ್ಮಪ್ಪ ಯಾರಿಗೂ ಸಾಲ ಬರೆಯುತ್ತಿರಲಿಲ್ಲ, ಕೊಸರನ್ನೂ ಕೊಡುತ್ತಿರಲಿಲ್ಲ. ಮೊದಲ ಗಿರಾಕಿ ಬಾಯಿಬಿಟ್ಟು ಕೇಳಿದರೆ "ಬೋಣಿ ಹೊತ್ತು, ಹಾಗೆಲ್ಲ ಕೇಳಬಾರದು" ಎನ್ನುತ್ತಿದ್ದರು. ರಾಗಿಯನ್ನೋ ಅವರೆಕಾಳನ್ನೋ ಸೇರಿನಲ್ಲಿ ಅಳೆಯುವಾಗ ಮೊದಲ ಸೇರಿಗೆ "ಒಂದು" ಎನ್ನದೆ "ಲಾಭ" ಎನ್ನುತ್ತಿದ್ದರು. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತಿತ್ತು. ಈ ರೂಢಿ ಹಳೆಯ ಕಣಗಳಿಂದ ಅಂಗಡಿಗೆ ಬಂದದ್ದು, ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಲಾಭ ಮೊದಲ ಸೇರಿನಲ್ಲಿ, ಕೊಸರು ಕೊನೆಯ ಸೇರಿನ ಮೇಲೆ. ನಡುವೆ ಇರುವುದೆಲ್ಲ ಲೆಕ್ಕ.

ಅಪ್ಪ ಕೊಸರು ಕೊಡುವುದರಲ್ಲಿ ಒಂದು ನಿಯಮವಿತ್ತು. ಅದನ್ನು ಅವರು ಎಂದೂ ಬಾಯಲ್ಲಿ ಹೇಳಲಿಲ್ಲ, ನಾನೇ ನೋಡಿ ಕಂಡುಕೊಂಡದ್ದು. ದೊಡ್ಡವರು ಬಂದರೆ ಕೊಂಡ ಪದಾರ್ಥದಲ್ಲೇ ಕೊಸರು: ಬೇಳೆಗೆ ಬೇಳೆ, ಅಕ್ಕಿಗೆ ಅಕ್ಕಿ. ಮಕ್ಕಳು ಬಂದರೆ ಬೆಲ್ಲದ ಚೂರು ಅಥವಾ ಒಂದು ಚಿಟಿಕೆ ಹುರಿಗಡಲೆ, ಅದೂ ಪೊಟ್ಟಣಕ್ಕಲ್ಲ, ನೇರವಾಗಿ ಮಗುವಿನ ಅಂಗೈಗೆ. ಇದು ಬರಿಯ ವಾತ್ಸಲ್ಯವೆಂದು ನಾನು ಬಹಳ ವರ್ಷ ತಿಳಿದಿದ್ದೆ. ಆದರೆ ಅದೇ ಬೀದಿಯಲ್ಲಿ ಇನ್ನೂ ಎರಡು ಅಂಗಡಿಗಳಿದ್ದವು. ಅರ್ಧ ಪಾವು ಎಣ್ಣೆ ತಾ ಎಂದು ತಾಯಿ ಮಗುವನ್ನು ಕಳುಹಿಸುವಾಗ ಯಾವ ಅಂಗಡಿಯಿಂದ ಎಂದು ಹೇಳುವುದಿಲ್ಲ. ಆ ತೀರ್ಮಾನ ಮಗುವಿನದು. ಬೆಲ್ಲದ ಚೂರು ಬೀಳುತ್ತಿದ್ದದ್ದು ಸರಿಯಾದ ಕೈಗೇ.

ಈ ಸಂಗತಿ ನನಗೆ ಮತ್ತೆ ನೆನಪಾದದ್ದು ಅಮೆರಿಕದ ಒಂದು ಊರಿನ ವರ್ಣನೆಯನ್ನು ಓದಿದಾಗ. ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕೊಸರಿಗೆ ಲ್ಯಾನ್ಯಾಪ್ ಎಂಬ ಪದವಿದೆ. ಅದು ಆ ಪ್ರಾಂತದ ಮಾತು, ಇಡೀ ಅಮೆರಿಕದ್ದಲ್ಲ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1883ರಲ್ಲಿ ಪ್ರಕಟಿಸಿದ ಮಿಸಿಸಿಪ್ಪಿ ನದಿಯ ಕುರಿತ ಪುಸ್ತಕದಲ್ಲಿ, ಈ ಒಂದು ಪದವನ್ನು ಪಡೆಯುವುದಕ್ಕಾಗಿಯೇ ಆ ಊರಿಗೆ ಪ್ರಯಾಣ ಮಾಡಬಹುದು ಎಂಬರ್ಥದ ಮಾತು ಬರೆದಿದ್ದಾರೆ. ಅಂಗಡಿಗೆ ಬಂದ ಮಗುವೋ ಮನೆಯ ಆಳೋ ವ್ಯಾಪಾರ ಮುಗಿಸಿದ ಮೇಲೆ ಲ್ಯಾನ್ಯಾಪ್ ಕೇಳುತ್ತಾರೆ. ಅಂಗಡಿಯವನು ಮಗುವಿಗೆ ಅತಿಮಧುರದ ತುಂಡನ್ನೂ, ಆಳಿಗೆ ಅಗ್ಗದ ಚುಟ್ಟವನ್ನೋ ನೂಲಿನ ಉಂಡೆಯನ್ನೋ ಕೊಡುತ್ತಾನೆ ಎಂದು ಅವರು ವರ್ಣಿಸುತ್ತಾರೆ. ರಾಜ್ಯಪಾಲನೇ ಬಂದು ಕೇಳಿದರೆ ಏನು ಕೊಡುತ್ತಾನೋ ತಿಳಿಯದು, ಬಹುಶಃ ಚುನಾವಣೆಯ ಬೆಂಬಲವಿರಬೇಕು ಎಂದು ಕುಟುಕಿಯೂ ಇದ್ದಾರೆ. ಅಲ್ಲಿ ಅತಿಮಧುರ, ಇಲ್ಲಿ ಬೆಲ್ಲ. ನಮ್ಮಪ್ಪ ಆ ಪುಸ್ತಕವನ್ನು ಓದಿರಲಿಲ್ಲ.

ಆ ಪದದ ಪ್ರಯಾಣ ಇನ್ನೂ ಸ್ವಾರಸ್ಯದ್ದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ, ಇಂಕಾ ಸಾಮ್ರಾಜ್ಯದವರು ಆಡುತ್ತಿದ್ದ ಕೆಚುವಾ ಭಾಷೆಯಲ್ಲಿ, ಯಪಾ ಎಂದರೆ ಮೇಲೆ ಕೂಡಿಸಿದ್ದು, ಇನ್ನಷ್ಟು ಎಂದು ಸೇರಿಸಿದ್ದು. ಆ ನಾಡನ್ನು ಗೆದ್ದ ಸ್ಪೇನಿನವರು ಈ ಪದವನ್ನು ಎತ್ತಿಕೊಂಡು ಞಪಾ ಎಂದರು. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಞಕಾರಕ್ಕೆ ಇಲ್ಲಿ ಒಂದು ಉದ್ಯೋಗ ಸಿಕ್ಕಿತು. ಲೂಯಿಸಿಯಾನಾ 1762ರ ಒಪ್ಪಂದದ ಮೂಲಕ ಫ್ರಾನ್ಸಿನಿಂದ ಸ್ಪೇನಿಗೆ ಹೋಯಿತು, 1800ರಲ್ಲಿ ಮರಳಿ ಫ್ರಾನ್ಸಿಗೆ ಬಂತು, 1803ರಲ್ಲಿ ನೆಪೋಲಿಯನ್ ಅದನ್ನು ಅಮೆರಿಕಕ್ಕೆ ಮಾರಿದ. ಈ ಕೈಬದಲಾವಣೆಗಳ ನಡುವೆ ಸ್ಪ್ಯಾನಿಷಿನ "ಲಾ ಞಪಾ" ಅಲ್ಲಿನ ಫ್ರೆಂಚ್ ಆಡುವವರ ಬಾಯಿಗೆ ಬಿದ್ದು, ಮುಂದಿದ್ದ "ಲಾ" ಎಂಬ, ಇಂಗ್ಲಿಷಿನ "ದಿ"ಯಂಥ ಉಪಪದವೂ ಪದಕ್ಕೇ ಅಂಟಿಕೊಂಡು, ಫ್ರೆಂಚ್ ಕಾಗುಣಿತದಲ್ಲಿ ಲ್ಯಾನ್ಯಾಪ್ ಆಯಿತು. ಆಮೇಲೆ ಇಂಗ್ಲಿಷ್ ಆಡುವವರು ಅದನ್ನು ಹಾಗೆಯೇ ಇಟ್ಟುಕೊಂಡರು. ಪದಾರ್ಥ ಕೊಂಡವರಿಗೆ ಕೊಸರು ಸಿಕ್ಕಂತೆ, ರಾಜ್ಯ ಕೊಂಡವರಿಗೆ ಈ ಪದ ಸಿಕ್ಕಿತು.

ಪೆರು, ಬೊಲಿವಿಯಾ, ಈಕ್ವಡಾರ್ ದೇಶಗಳ ಸಂತೆಗಳಲ್ಲಿ ಯಪಾ ಕೇಳುವುದು ಇವತ್ತಿಗೂ ರೂಢಿಯಲ್ಲಿದೆ. ಅಲ್ಲಿನ ಇನ್ನೊಂದು ಪದದ ಕಡೆ ನಿಮ್ಮ ಗಮನ ಸೆಳೆಯಬೇಕು. ಒಂದೇ ಅಂಗಡಿಯಲ್ಲಿ ಯಾವಾಗಲೂ ಕೊಳ್ಳುವ ಗಿರಾಕಿಯನ್ನು ಮಾರುವವಳು "ಕಸೆರಾ" ಎಂದು ಕರೆಯುತ್ತಾಳೆ. ಗಿರಾಕಿಯೂ ಮಾರುವವಳನ್ನು "ಕಸೆರಾ" ಎಂದೇ ಕರೆಯುತ್ತಾಳೆ. ಮನೆ ಎಂಬರ್ಥದ ಕಸಾ ಎಂಬ ಪದದಿಂದ ಬಂದದ್ದು ಅದು. ಕೊಡುವವರಿಗೂ ಕೊಳ್ಳುವವರಿಗೂ ಒಂದೇ ಸಂಬೋಧನೆ! ನಮ್ಮಲ್ಲಿ ಹಾಗೆ ಒಂದೇ ಸಂಬೋಧನೆ ಇಲ್ಲ, ಆದರೆ ಆ ಸಂಬಂಧಕ್ಕೆ ಹೆಸರಿದೆ: ವರ್ತನೆ. ವರ್ತನೆ ಹಾಲು, ವರ್ತನೆ ಹೂವು. ದಿನವೂ ಬಾಗಿಲಿಗೆ ಬರುವ, ತಿಂಗಳ ಕೊನೆಗೆ ಲೆಕ್ಕ ತೀರಿಸುವ ವ್ಯವಸ್ಥೆಗೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಬಳಸುವ ಮಾತು ಅದು. ಈಗ ಈ ಪದವನ್ನು ಮಕ್ಕಳ ನಡತೆಯ ಕುರಿತು ಶಾಲೆಯವರು ಬರೆಯುವ ವರದಿಯಲ್ಲಿ ಮಾತ್ರ ಕಾಣುತ್ತೇವೆ. ವರ್ತನೆಯ ಹಾಲಿನವರು ಅಳತೆಯ ಹಾಲು ಹೊಯ್ದ ಮೇಲೆ ಒಂದು ಗುಟುಕು ಮೇಲೆ ಸುರಿಯುತ್ತಿದ್ದರು. ಆ ಗುಟುಕು ಬಿದ್ದ ಸದ್ದು ಕೇಳಿದ ಮೇಲೆಯೇ ನಮ್ಮಜ್ಜಿ ಪಾತ್ರೆಯನ್ನು ಒಳಗೆ ತೆಗೆದುಕೊಳ್ಳುತ್ತಿದ್ದರು.

ಹಾಲಿನ ಕೊಸರಿಗಾಗಿಯೇ ಒಂದು ಪದ ಉಳಿದಿರುವ ದೇಶ ಐರ್ಲೆಂಡ್. ಅಲ್ಲಿ ಅದನ್ನು ಟಿಲ್ಲಿ ಎನ್ನುತ್ತಾರೆ. ಐರಿಷ್ ಭಾಷೆಯಲ್ಲಿ "ಇನ್ನಷ್ಟು" ಎಂಬರ್ಥದ ಪದದಿಂದ ಬಂದದ್ದು. ಆ ದೇಶದ ಲೇಖಕ ಜೇಮ್ಸ್ ಜಾಯ್ಸ್ 1927ರಲ್ಲಿ ಒಂದು ಚಿಕ್ಕ ಕವನಸಂಕಲನ ಪ್ರಕಟಿಸಿದರು. ಕವನವೊಂದಕ್ಕೆ ಒಂದು ಪೆನ್ನಿ ಎಂಬ ಧ್ವನಿ ಅದರ ಹೆಸರಿನಲ್ಲೇ ಇತ್ತು. ಪುಸ್ತಕದ ಬೆಲೆ ಒಂದು ಷಿಲ್ಲಿಂಗ್, ಅಂದರೆ 12 ಪೆನ್ನಿ. ಒಳಗಿದ್ದ ಕವನಗಳು 13. ಮೊದಲ ಕವನದ ಶೀರ್ಷಿಕೆಯೇ "ಟಿಲ್ಲಿ". ಕಾವ್ಯದಲ್ಲಿ ಕೊಸರು ಕೊಟ್ಟ ಕವಿಯನ್ನು ನಾನು ಬೇರೆ ಕಂಡಿಲ್ಲ. ಕೇಳದೆಯೇ ಇನ್ನೊಂದು ಕವನ ಓದುವವರನ್ನು ಕವಿಗೋಷ್ಠಿಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಹದಿಮೂರು ಎಂದೊಡನೆ ನಿಮ್ಮಲ್ಲಿ ಕೆಲವರಿಗೆ ಇಂಗ್ಲೆಂಡಿನ ಬ್ರೆಡ್ ಸುಡುವವರ ಡಜನ್ ನೆನಪಾಗಿರಬೇಕು. ಹನ್ನೆರಡು ಕೇಳಿದರೆ ಹದಿಮೂರು ಕೊಡುವ ಆ ರೂಢಿಗೆ, ಹದಿಮೂರನೆಯ ಶತಮಾನದಲ್ಲಿ ಮೂರನೆಯ ಹೆನ್ರಿಯ ಕಾಲದಲ್ಲಿ ಬಂದ ಬ್ರೆಡ್ಡಿನ ತೂಕದ ಕಾನೂನು ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ತೂಕ ಕಡಿಮೆಯಾದರೆ ಶಿಕ್ಷೆ. ಆದ್ದರಿಂದ ಒಂದು ಹೆಚ್ಚೇ ಇರಲಿ ಎಂಬ ಎಚ್ಚರಿಕೆ. ಈ ವಿವರಣೆಯನ್ನು ಒಪ್ಪುವುದಾದರೆ ಅದು ಕೊಸರಲ್ಲ ಎಂದು ನಾನು ಹೇಳುತ್ತೇನೆ. ಅಲ್ಲಿ ಹದಿಮೂರನೆಯದು ಹನ್ನೆರಡರ ತೂಕಕ್ಕೆ ಇಟ್ಟ ಜಾಮೀನು, ಅಳತೆಯೊಳಗಿನದೇ. ಕೊಸರಿಗೆ ಅಳತೆ ಸರಿಯಾಗಿಯೇ ಮುಗಿದಿರಬೇಕು.

ಈ ಗೆರೆಯನ್ನು ಇನ್ನಷ್ಟು ಬಿಗಿಯಾಗಿ ಎಳೆಯಲು ಪ್ರಯತ್ನಿಸುತ್ತೇನೆ. ಚೌಕಾಸಿಯಲ್ಲಿ ಬೆಲೆ ಇಳಿಯುತ್ತದೆ. ಕೊಸರಿನಲ್ಲಿ ಬೆಲೆ ಅಲುಗಾಡುವುದಿಲ್ಲ. ಚೌಕಾಸಿಯಲ್ಲಿ ಮಾರುವವರು ಸೋಲುತ್ತಾರೆ ಇಲ್ಲವೇ ಕೊಳ್ಳುವವರು ಸೋಲುತ್ತಾರೆ; ಕೊಸರು ಬರುವುದು ಆ ಸೋಲುಗೆಲುವು ಮುಗಿದ ಮೇಲೆ, ಎಷ್ಟೋ ಸಲ ಗೆದ್ದವರ ಕೈಯಿಂದ ಸೋತವರಿಗೆ. ರಿಯಾಯಿತಿ ಎಂದರೆ ಮೊದಲೇ ಬೋರ್ಡು ಬರೆದು ತೂಗುಹಾಕಿದ್ದು, ಎಲ್ಲರಿಗೂ ಒಂದೇ. ಕೊಸರಿಗೆ ಬೋರ್ಡಿಲ್ಲ. ಇನ್ನು "ಒಂದು ಕೊಂಡರೆ ಒಂದು ಉಚಿತ" ಎಂಬ ಆಫರನ್ನು ಕೊಸರಿನ ಮೊಮ್ಮಗ ಎಂದು ಹಲವರು ತಿಳಿದಿದ್ದಾರೆ. ಅದು ಉಚಿತವೇ ಅಲ್ಲ ಎಂದು ಸರ್ಕಾರವೇ ಹೇಳಿದೆ. ಜಿಎಸ್‌ಟಿ ಬಂದ ಮೇಲೆ ಇಂಥ ಆಫರುಗಳಿಗೆ ತೆರಿಗೆ ಹೇಗೆ ಎಂಬ ಪ್ರಶ್ನೆ ಎದ್ದಾಗ, 2019ರ ಮಾರ್ಚಿನಲ್ಲಿ ಹೊರಟ ಒಂದು ಸುತ್ತೋಲೆ ಅದನ್ನು ಬಿಡಿಸಿ ಹೇಳಿತು: ಮೇಲ್ನೋಟಕ್ಕೆ ಒಂದು ವಸ್ತುವನ್ನು ಬಿಟ್ಟಿ ಕೊಟ್ಟಂತೆ ಕಂಡರೂ, ವಾಸ್ತವದಲ್ಲಿ ಅದು ಎರಡು ವಸ್ತುಗಳನ್ನು ಸೇರಿಸಿ ಒಂದೇ ಬೆಲೆಗೆ ಮಾರಿದಂತೆ. ತೆರಿಗೆ ಇಲಾಖೆಯ ಸುತ್ತೋಲೆಗಳನ್ನು ನಾನು ರಸಾಸ್ವಾದಕ್ಕಾಗಿ ಓದುವವನಲ್ಲ, ಆದರೆ ಈ ವಾಕ್ಯದ ಮುಂದೆ ತಲೆಬಾಗಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ "20% ಹೆಚ್ಚು" ಎಂಬುದೂ ಇದೇ ಜಾತಿಯದು. ಆ ಹೆಚ್ಚುವರಿ ಕಾರ್ಖಾನೆಯಲ್ಲೇ ತೂಗಿ, ಕಟ್ಟಿ, ನಿವ್ವಳ ತೂಕದ ಅಂಕಿಯೊಳಗೆ ಸೇರಿಹೋಗಿದೆ. ಅದನ್ನು ಯಾರೂ ಯಾರಿಗೂ ಕೊಡುತ್ತಿಲ್ಲ.

ಚಿಲ್ಲರೆಯ ಬದಲು ಚಾಕಲೇಟ್ ಕೊಡುವುದನ್ನೂ ಕೊಸರು ಎನ್ನಬಹುದೇ ಎಂದು ಒಮ್ಮೆ ಒಬ್ಬ ವಿದ್ಯಾರ್ಥಿ ಕೇಳಿದ್ದ. ಅದು ಕೊಸರಿಗೆ ತೀರ ವಿರುದ್ಧವಾದದ್ದು. ನಿಮಗೆ ಬರಬೇಕಾದ ಎರಡು ರೂಪಾಯಿಗೆ ನೀವು ಕೇಳದ ವಸ್ತುವನ್ನು ನಿಮಗೇ ಮಾರುವ ಕ್ರಮ ಅದು.

ಈಗ ತಕ್ಕಡಿಗೆ ಬರುತ್ತೇನೆ. ತೂಕ ಮತ್ತು ಅಳತೆಗಳ ಮಾನಕ ಕಾಯಿದೆ 1956ರಲ್ಲಿ ಬಂತು. 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಜಾರಿಯಾಗಿ 1962ರ ಹೊತ್ತಿಗೆ ಕಡ್ಡಾಯವಾಯಿತು. ಸೇರು, ಪಾವು, ಚಟಾಕುಗಳು ಕಾನೂನಿನ ಪ್ರಕಾರ ಅಲ್ಲಿಗೆ ಮುಗಿದವು. ಆದರೆ ಕೈತಕ್ಕಡಿ ಉಳಿಯಿತು, ಅದರೊಂದಿಗೆ ಕೊಸರಿನ ಒಂದು ಬಗೆಯೂ ಉಳಿಯಿತು. ಕೈತಕ್ಕಡಿಯಲ್ಲಿ ಎರಡು ತಟ್ಟೆಗಳೂ ಸಮನಾಗಿ ನಿಂತ ಮೇಲೆ ಕೊನೆಯ ಎರಡು ಹುರುಳಿಕಾಯಿ ಹಾಕಿದರೆ ತರಕಾರಿಯ ತಟ್ಟೆ ಕಣ್ಣೆದುರಿಗೇ ಕೆಳಗೆ ವಾಲುತ್ತಿತ್ತು. ಆ ವಾಲಿಕೆ ಎಷ್ಟು ಗ್ರಾಂ ಎಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಆ ವಾಲಿಕೆಗೆ ಅಂಕಿ ಸಿಕ್ಕಿತು. ಮಾರುವವರಿಗೂ ಕೊಳ್ಳುವವರಿಗೂ ಕಾಣುವಂತೆ ಕೆಂಪು ಬೆಳಕಿನಲ್ಲಿ 1.035 ಎಂದು ಬರೆದಾಗ, ಆ 35 ಗ್ರಾಂ ಕೊಸರಾಗಿ ಉಳಿಯುವುದಿಲ್ಲ, ಅದು ನಷ್ಟ. ಗಾಂಧಿ ಬಜಾರಿನಲ್ಲಿ ತರಕಾರಿ ಮಾರುವವರನ್ನು ನಾನು ಇದಕ್ಕಾಗಿಯೇ ಗಮನಿಸಿದ್ದೇನೆ. ಅಂಕಿ ಒಂದು ಕಿಲೋ ದಾಟಿದರೆ ಅವರು ಒಂದು ಬದನೆಕಾಯಿಯನ್ನು ಹಿಂದೆಗೆದು ಚಿಕ್ಕದೊಂದನ್ನು ಹಾಕುತ್ತಾರೆ, ಒಂದು ಕಿಲೋಗೆ ತಂದು ನಿಲ್ಲಿಸುತ್ತಾರೆ. ಎಷ್ಟು ಜಿಪುಣರು ಎಂದು ನಾವು ಅಂದುಕೊಳ್ಳುವಷ್ಟರಲ್ಲಿ, ಚೀಲಕ್ಕೆ ಸುರಿದ ಮೇಲೆ ಪಕ್ಕದ ಗುಡ್ಡೆಯಿಂದ ಒಂದು ಹಿಡಿ ಹಸಿಮೆಣಸಿನಕಾಯಿ, ನಾಲ್ಕು ಎಸಳು ಕರಿಬೇವು ತೂಗದೆಯೇ ಹಾಕುತ್ತಾರೆ. ತಕ್ಕಡಿಯ ಮೇಲೆ ಇಪ್ಪತ್ತು ಗ್ರಾಂ ಬಿಡದ ಕೈ, ತಕ್ಕಡಿಯಿಂದಾಚೆಗೆ ಐವತ್ತು ಗ್ರಾಂ ಕೊಡುತ್ತದೆ. ಇದರಲ್ಲಿ ವಿರೋಧವಿಲ್ಲ. ಯಂತ್ರ ಅಳತೆಯನ್ನು ಬಿಗಿ ಮಾಡಿದ್ದರಿಂದ ಕೊಸರು ಯಂತ್ರ ನೋಡದ ಜಾಗಕ್ಕೆ ಸರಿಯಿತು, ಅಷ್ಟೇ.

ಯಂತ್ರ ಇನ್ನೂ ಮುಟ್ಟದ ವ್ಯಾಪಾರವೊಂದಿದೆ: ಮೊಳದ ಹೂವು. ಮೊಳಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ, ಚಾಚಿದ ಎರಡೂ ಕೈಗಳ ಅಗಲ ಒಂದು ಮಾರು. ಇಲ್ಲಿ ಅಳತೆಗೋಲು ಮಾರುವವರ ಮೈಯೇ ಆದ್ದರಿಂದ, ಕುಳ್ಳಗಿರುವ ಹೂವಿನವರ ಮೊಳಕ್ಕೂ ಎತ್ತರದವರ ಮೊಳಕ್ಕೂ ನಾಲ್ಕು ಕಾಕಡ ಹೂವಿನ ಅಂತರ ಇದ್ದೇ ಇರುತ್ತದೆ. ಅದಕ್ಕೆ ಯಾರೂ ದೂರು ಕೊಟ್ಟದ್ದನ್ನು ನಾನು ಕೇಳಿಲ್ಲ. ಹೂವಿನವರು ಮೊಳ ಹಾಕಿ, ಬೆರಳ ತುದಿಯಲ್ಲಿ ದಾರವನ್ನು ಹಿಡಿದು, ಕತ್ತರಿಸುವ ಮುಂಚೆ ಇನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ಬಿಡುತ್ತಾರೆ. ಎಳೆಯುವಾಗ ಬಿಗಿಯಾಗಿ ಎಳೆದು, ಕೊನೆಯಲ್ಲಿ ಧಾರಾಳವಾಗಿ ಬಿಡುವವರೂ ಇದ್ದಾರೆ. ಸಡಿಲವಾಗಿ ಹಿಡಿದೇ ಅಳೆದು ಕೊಸರು ಕೊಡದವರೂ ಇದ್ದಾರೆ. ಒಟ್ಟು ಉದ್ದ ಬಹುಶಃ ಒಂದೇ. ಆದರೂ ಮೊದಲನೆಯವರ ಬಳಿಯೇ ಜನ ಹೆಚ್ಚು.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಕೊಸರು ಕೊಡುವ ಕೈಯೇ ತೂಕದಲ್ಲಿ ಕದಿಯುವುದುಂಟು. ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತ, ಸವೆದ ತೂಕದ ಬಟ್ಟು, ಒಳಕ್ಕೆ ಜಜ್ಜಿದ ಸೇರಿನ ತಳ ಇವೆಲ್ಲ ನಮಗೆ ಗೊತ್ತಿರುವ ಸಂಗತಿಗಳೇ. ನೂರು ಗ್ರಾಂ ಕಡಿಮೆ ತೂಗಿ ಮೇಲೆ ಹಿಡಿ ಕೊತ್ತಂಬರಿ ಹಾಕಿದರೆ ಗಿರಾಕಿ ಸಂತೋಷದಿಂದ ಹೋಗುತ್ತಾನೆ. ಕೊಸರು ಕೇಳುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾರಿನ ಗಾಜು ಇಳಿಸಿ, ಬಿಸಿಲಿನಲ್ಲಿ ನಿಂತ ಹೂವಿನ ಹುಡುಗಿಯ ಬಳಿ ಇನ್ನೂ ಒಂದು ಗೇಣು ಬಿಡು ಎಂದು ಹಟ ಹಿಡಿಯುವುದನ್ನು, ಮಾಲಿನೊಳಗೆ ಹೋಗಿ ಅಚ್ಚಾದ ಬೆಲೆಯನ್ನು ಮರುಮಾತಿಲ್ಲದೆ ಕೊಡುವುದನ್ನು ಒಂದೇ ಕುಟುಂಬದಲ್ಲಿ, ಒಂದೇ ಸಂಜೆ ನೀವೂ ನೋಡಿರುತ್ತೀರಿ. ಕೊಸರು ಹಕ್ಕೆಂಬಂತೆ ಕೇಳಬಹುದಾದದ್ದು, ಆದರೆ ಹಕ್ಕಲ್ಲ. ಆ "ಎಂಬಂತೆ" ಮರೆತವರು ಕೇಳುವುದು ಕೊಸರಲ್ಲ, ಕಪ್ಪ.

ಕಪ್ಪದ ಮಾತು ಬಂದದ್ದರಿಂದ ರೈತರ ವಿಷಯವನ್ನೂ ಹೇಳುತ್ತೇನೆ. ಸಗಟು ಮಾರುಕಟ್ಟೆಗಳಲ್ಲಿ ರೈತರ ಚೀಲದಿಂದ ಮಾದರಿ ನೋಡುತ್ತೇವೆಂದು ಹಿಡಿಹಿಡಿಯಾಗಿ ತೆಗೆದುಕೊಳ್ಳುವುದು, ಉತ್ತರ ಕರ್ನಾಟಕದ ಕಡೆ ಸೂಟು ಎಂಬ ಹೆಸರಿನಲ್ಲಿ ತೂಕದಿಂದ ಕಡಿತ ಮಾಡುವುದು ಬಹುಕಾಲದ ದೂರುಗಳು. ಅಲ್ಲಿಯೂ ಅಳತೆ ಮೀರಿದ ಹಿಡಿಯೇ ಇದೆ, ಆದರೆ ಹಿಡಿ ಯಾರದು ಎಂಬುದು ಬದಲಾಗಿದೆ. ಮಾರುವವನ ಕೈ ಎತ್ತಿ ಕೊಟ್ಟರೆ ಕೊಸರು. ಕೊಳ್ಳುವವನ ಕೈ ಇಳಿದು ತೆಗೆದುಕೊಂಡರೆ ಅದಕ್ಕೆ ಕನ್ನಡದಲ್ಲಿ ಬೇರೆ ಪದಗಳಿವೆ.

ಕೊನೆಯದಾಗಿ, ನಮ್ಮ ಕಾಲದ ಎರಡು ಉದಾಹರಣೆಗಳು. ಮೊದಲನೆಯದು ಪಾನಿಪುರಿಯ ಗಾಡಿ. ಉತ್ತರದಿಂದ ಬಂದ ಈ ತಿಂಡಿ ತನ್ನ ಕೊಸರನ್ನೂ ಜೊತೆಗೇ ತಂದಿತು. ಆರು ಪುರಿ ಮುಗಿದ ಮೇಲೆ ಖಾಲಿ ತಟ್ಟೆ ಚಾಚಿ "ಭಯ್ಯಾ, ಒಂದು ಸುಕ್ಕಾ" ಎನ್ನುವ ಹುಡುಗ ಹುಡುಗಿಯರಿಗೆ ಕೊಸರು ಎಂಬ ಪದ ಗೊತ್ತಿಲ್ಲದಿರಬಹುದು. ಪದ್ಧತಿ ಅವರಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತು: ಹಣ ಕೊಟ್ಟ ಮೇಲೆ ಕೇಳಬೇಕು, ಒಂದನ್ನೇ ಕೇಳಬೇಕು.

ಎರಡನೆಯದು ಮೊಬೈಲ್ ಆ್ಯಪ್. 2024ರ ಮೇ ತಿಂಗಳಲ್ಲಿ ಮುಂಬಯಿಯ ಗ್ರಾಹಕರೊಬ್ಬರು, ಆ್ಯಪಿನಲ್ಲಿ ತರಕಾರಿ ತರಿಸಿದಾಗ ಕೊತ್ತಂಬರಿಗೂ ದುಡ್ಡು ಕೊಡಬೇಕಾಗಿ ಬಂದದ್ದು ಕಂಡು ತಮ್ಮ ತಾಯಿಗೆ ಎದೆ ನಿಂತಂತಾಯಿತು ಎಂದು ಸಾಮಾಜಿಕ ಜಾಲತಾಣದಲ್ಲಿ ಬರೆದರು. ಇಂತಿಷ್ಟು ತರಕಾರಿ ಕೊಂಡರೆ ಕೊತ್ತಂಬರಿ ಉಚಿತವಾಗಿರಲಿ ಎಂಬುದು ಆ ತಾಯಿಯ ಸಲಹೆ. ಬ್ಲಿಂಕಿಟ್ ಕಂಪನಿ ಅದನ್ನು ಒಪ್ಪಿ ಜಾರಿಗೆ ತಂದಿತು. ಆ ತಾಯಿ ಕೇಳಿದ್ದು ಕೊಸರನ್ನೇ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರಿಗೆ ಸಿಕ್ಕಿದ್ದು ಕೊಸರೇ ಎಂದು ಹೇಳಲು ನನ್ನ ನಾಲಗೆ ತಡೆಯುತ್ತದೆ. ಎಲ್ಲರ ಚೀಲಕ್ಕೂ ಒಂದೇ ನಿಯಮದಂತೆ ಬೀಳುವ ಸೊಪ್ಪು ಅದು, ಬಿಲ್ಲಿನೊಳಗೇ ಒಂದು ಸಾಲು. ಹಾಗೆಂದು ನಾನು ಅದನ್ನು ಹೀಗಳೆಯುವುದಿಲ್ಲ. ಕೊತ್ತಂಬರಿಗೆ ದುಡ್ಡು ಕೊಡುವುದು ಅವಮಾನ ಎಂಬ ಭಾವ ಇಷ್ಟು ದೊಡ್ಡ ಕಂಪನಿಗೂ ಮುಟ್ಟಿತಲ್ಲ ಎಂಬ ಸಂತೋಷ ಇದ್ದೇ ಇದೆ.

ನಾನು ತರಕಾರಿ ಕೊಳ್ಳುವ ಗಾಡಿಯವರು ಇಪ್ಪತ್ತು ವರ್ಷಗಳಿಂದ ನಮ್ಮ ಬೀದಿಗೆ ಬರುತ್ತಿದ್ದಾರೆ. ಕಳೆದ ಮಳೆಗಾಲದಲ್ಲಿ ಕೊತ್ತಂಬರಿಯ ಬೆಲೆ ವಿಪರೀತ ಏರಿದಾಗ ಒಂದು ಬೆಳಿಗ್ಗೆ ನಾನು ಕೊಸರು ಕೇಳಲಿಲ್ಲ, ಚೀಲ ಎತ್ತಿಕೊಂಡು ಹೊರಟೆ. ಅವರೇ ತಡೆದು, "ಸೊಪ್ಪು ಇವತ್ತು ಮುಟ್ಟೋ ಹಾಗಿಲ್ಲ ಮೇಷ್ಟ್ರೇ, ಇದಿರಲಿ" ಎಂದು ಎರಡು ನಿಂಬೆಹಣ್ಣು ಹಾಕಿದರು. ಹತ್ತು ದಿನಗಳ ಮೇಲೆ ಬೆಲೆ ಇಳಿಯಿತು. ಅಂದು ಚೀಲದಲ್ಲಿ ಎಂದಿಗಿಂತ ದೊಡ್ಡ ಕಂತೆ ಕಂಡು ನಾನು ಅವರ ಮುಖ ನೋಡಿದೆ. ತಕ್ಕಡಿ ಒರೆಸುತ್ತಲೇ ಹೇಳಿದರು: "ಹೋದ ವಾರದ್ದೂ ಸೇರಿಸಿದ್ದೀನಿ."